ಮರ್ವಿನ್ ಹೋಗದ ಸಾವಿನ ಮನೆ

ನನ್ನ ಗಂಡ ಮರ್ವಿನ್ ಕೋಲ್ಟರ್ ಬದುಕಿಡೀ ಹಾಲಿನ ಟ್ಯಾಂಕರ್ ಓಡಿಸಿದವನು. ನಮ್ಮ ಡ್ರಮ್‌ಕೀಲ್ ಸುತ್ತಮುತ್ತ ಅವನ ಲಾರಿ ತಿರುಗದ ಅಂಗಳವಿರಲಿಲ್ಲ. ಪ್ರಾಟೆಸ್ಟಂಟರ ಹಸುವಿನ ಹಾಲೂ ಕ್ಯಾಥೊಲಿಕರ ಹಸುವಿನ ಹಾಲೂ ಒಂದೇ ಟ್ಯಾಂಕಿಗೆ ಬೀಳುತ್ತಿತ್ತು. ಅದಕ್ಕೂ ಒಂದು ಸಮಿತಿ ಮಾಡಿ ಜಗಳ ತೆಗೆಯಬೇಕೆಂದು ನಮ್ಮ ಆರ್ಮಾ ಜಿಲ್ಲೆಯ ಮಹಾಶಯರಿಗೆ ಯಾಕೆ ಹೊಳೆಯಲಿಲ್ಲವೋ ಕಾಣೆ.

ಆಳು ಎತ್ತರ, ನಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕು. ಮಾತು ಮಾತ್ರ ಗಿಡ್ಡ. ಚಹಾ ಬೇಕಾ ಅಂದರೆ ಚಹಾ ಆರುವ ಹೊತ್ತಿಗೆ ‘ಹೂಂ’ ಅನ್ನುವ ಜಾತಿ. ಮದುವೆಗೆ ನನ್ನನ್ನು ಕೇಳಿದ್ದೂ ಹಾಗೆಯೇ. ಈಗ ಕೇಳುತ್ತಾನೆ, ಆಗ ಕೇಳುತ್ತಾನೆ ಎಂದು ಒಂದು ಚಳಿಗಾಲವಿಡೀ ಕಾದು, ಕೊನೆಗೆ, ‘ಏನೋ ಹೇಳ್ಬೇಕು ಅಂತಿದೀಯಲ್ಲ ಹೇಳಿ ಮುಗ್ಸು, ನಂಗೆ ಕೋಳಿ ಗೂಡಿಗೆ ಸೇರಿಸ್ಬೇಕು,’ ಎಂದು ನಾನೇ ಗದರಿಸಿದೆ. ಇಂಥವನು ಎರಡು ಪಂಗಡಗಳ ನಡುವೆ ಸಂಧಾನಕ್ಕೆ ಕೂತ ಅಂದರೆ ನಂಬುವವರು ಯಾರು. ಮೊದಲು ನಾನೂ ನಂಬಲಿಲ್ಲ.

ಅವನು ನಮ್ಮೂರ ಆರೆಂಜ್ ಲಾಡ್ಜಿನ ಕಾರ್ಯದರ್ಶಿ. ನಮ್ಮ ಪ್ರಾಟೆಸ್ಟಂಟ್ ಗಂಡಸರ ಸಂಘ ಅದು. ಅವನ ಅಪ್ಪ, ಅಜ್ಜ ಎಲ್ಲರೂ ಅದರಲ್ಲೇ ಇದ್ದವರು. ಜುಲೈಯ ಮೊದಲ ಭಾನುವಾರ ಇವರೆಲ್ಲ ಕೊರಳಿಗೆ ಕಿತ್ತಳೆ ಬಣ್ಣದ ಪಟ್ಟಿ ಹಾಕಿಕೊಂಡು, ಬ್ಯಾಂಡನ್ನು ಮುಂದೆ ಬಿಟ್ಟುಕೊಂಡು, ಚಾಪೆಲ್ ರಸ್ತೆಯ ಮೇಲೆ ನಮ್ಮ ಚರ್ಚಿಗೆ ಮೆರವಣಿಗೆ ಹೋಗುತ್ತಾರೆ. ಆ ರಸ್ತೆಯಲ್ಲಿ ಈಗ ಇರುವವರೆಲ್ಲ ಕ್ಯಾಥೊಲಿಕರು. ತಮ್ಮ ಬಾಗಿಲ ಮುಂದೆ ಡೋಲು ಬಡಿದು ತಮ್ಮನ್ನು ಹಂಗಿಸಿದ್ದು ಸಾಕು, ಬೇರೆ ದಾರಿ ಹಿಡಿಯಿರಿ ಅನ್ನುವುದು ಅವರ ಮಾತು. ಅಪ್ಪ, ಅಜ್ಜ ನಡೆದ ದಾರಿಯನ್ನು ಯಾಕೆ ಬಿಡಬೇಕು ಅನ್ನುವುದು ನಮ್ಮವರದು. ನಾನು ಹೇಳುತ್ತಿರುವ ವರ್ಷದ ಹಿಂದಿನ ಜುಲೈಯಲ್ಲಿ ಎರಡೂ ಕಡೆಯಿಂದ ಕಲ್ಲು ಹಾರಿತು. ಯಾವ ಕಡೆಗೂ ಸೇರದ ಒಬ್ಬ ಬ್ರೆಡ್ ವ್ಯಾನಿನವನು, ಪಕ್ಕದ ಊರಿನವನು, ನಡುವೆ ಸಿಕ್ಕಿಕೊಂಡ. ತಲೆಗೆ ಬಿದ್ದ ಏಟಿಗೆ ಅವನಿಗೆ ಈಗ ಹೆಂಡತಿಯ ಹೆಸರೂ ನೆನಪಾಗುವುದಿಲ್ಲ. ರಸ್ತೆಯಿಂದ ಅವನನ್ನು ಎತ್ತಿಕೊಂಡವನು ಮರ್ವಿನ್. ಆಮೇಲೆ ಬಹಳ ದಿನ ಅವನು ಊಟಕ್ಕೆ ಕೂತು ಸುಮ್ಮನೆ ತಟ್ಟೆ ನೋಡುತ್ತಿದ್ದ.

ಅದಕ್ಕೂ ಮೊದಲು ಅದೇ ವರ್ಷದ ವಸಂತದಲ್ಲಿ ಬೆಲ್‌ಫಾಸ್ಟಿನಲ್ಲಿ ಅಮೆರಿಕದವರು, ಮತ್ತೊಂದು ದೇಶದವರು ಎಲ್ಲ ಕೂತು ಎರಡೂ ಪಂಗಡಗಳ ದೊಡ್ಡವರ ಕೈಲಿ ದೊಡ್ಡ ಶಾಂತಿ ಒಪ್ಪಂದ ಮಾಡಿಸಿದ್ದರು. ಟೀವಿಯಲ್ಲಿ ಎಲ್ಲರೂ ಕೈ ಕುಲುಕಿದ್ದೇ ಕುಲುಕಿದ್ದು. ಚಾಪೆಲ್ ರಸ್ತೆಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಹೊರದೇಶದ ಸಂಧಾನದವರು ನಮ್ಮಂಥ ಸಣ್ಣ ಊರುಗಳಿಗೂ ಬರತೊಡಗಿದರು. ನಮಗೆ ಬಂದವಳು ಫಿನ್ಲೆಂಡಿನವಳು, ಐಲಾ ಅಂತ. ನೆರೆತ ತಲೆ, ಕಾಲಿಗೆ ರೈತರ ಬೂಟು. ಮೊದಲು ನೇರವಾಗಿ ಲಾಡ್ಜಿಗೇ ಹೋದಳು. ಲಾಡ್ಜಿನ ಮುಖ್ಯಸ್ಥ ಕ್ಲಿಫರ್ಡ್ ಬಿಂಗಮ್ ಎದ್ದು ನಿಂತು, ‘ನಮ್ಮನೆ ಬಟ್ಟೆ ಒಗೆಯೋಕೆ ಫಿನ್ಲೆಂಡಿಂದ ಜನ ಬರ್ಬೇಕಾಗಿಲ್ಲ ತಾಯಿ,’ ಎಂದು ಬಾಗಿಲು ತೋರಿಸಿದ. ಅವತ್ತೇ ಎಲ್ಲರೂ ಮಾತು ಕೊಟ್ಟುಕೊಂಡರು: ಚಾಪೆಲ್ ರಸ್ತೆಯ ಸಮಿತಿಯ ಜೊತೆ ಯಾರೂ ಮಾತಾಡಕೂಡದು. ಯಾಕೆಂದರೆ ಆ ಸಮಿತಿಯ ಪರವಾಗಿ ಮಾತಾಡುವವನು ಫೇಲಿಮ್ ಟೋನರ್, ಹರೆಯದಲ್ಲಿ ಬಂದೂಕಿನ ವಿಷಯಕ್ಕೆ ಜೈಲು ಕಂಡು ಬಂದವನು.

ಆ ಫೇಲಿಮ್ ನಮ್ಮ ಬೇಲಿಯಾಚೆಯ ಮನೆಯವನೇ. ಮರ್ವಿನ್‌ಗೂ ಅವನಿಗೂ ಒಂದೇ ವಯಸ್ಸು. ಮರ್ವಿನ್ ಚಿಕ್ಕವನಿದ್ದಾಗ ಅವನಮ್ಮ ಕ್ಷಯದ ಆಸ್ಪತ್ರೆ ಸೇರಿದ್ದಳು. ಆಗ ಫೇಲಿಮ್‌ನ ತಾಯಿ ಆಗ್ನೆಸ್ ಇವನನ್ನು ಬೇಲಿ ದಾಟಿಸಿ ಕರೆದುಕೊಂಡು ಹೋಗಿ, ತನ್ನ ಮಕ್ಕಳ ಸಾಲಿನಲ್ಲಿ ಕೂರಿಸಿ, ಸೋಡಾ ಬ್ರೆಡ್ಡೂ ಬೆಣ್ಣೆಯೂ ತಿನ್ನಿಸಿ ಸಾಕಿದಳು. ಹುಡುಗರು ಬೆಳೆದರು, ಒಬ್ಬ ಪಟ್ಟಿ ಹಾಕಿಕೊಂಡ, ಒಬ್ಬ ಜೈಲಿಗೆ ಹೋದ. ಮಾತು ನಿಂತುಹೋಯಿತು. ಮರ್ವಿನ್ ಆಗ್ನೆಸ್‌ಗೆ ಕ್ರಿಸ್‌ಮಸ್ಸಿಗೆ ಕೇಕು ತಲುಪಿಸುವುದು ಮಾತ್ರ ನಿಲ್ಲಲಿಲ್ಲ.

ಆ ಚಳಿಗಾಲದಲ್ಲಿ ಮರ್ವಿನ್ ಗುರುವಾರ ಗುರುವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗತೊಡಗಿದ. ಒಂದು ದಿನ ಪಾತ್ರೆ ಒರೆಸುತ್ತ ತಾನಾಗಿಯೇ ಬಾಯಿ ಬಿಟ್ಟ.

‘ಹೇಜಲ್, ನಾನು ಹಲ್ಲಿನ ಡಾಕ್ಟರ ಹತ್ರ ಹೋಗ್ತಿಲ್ಲ.’

‘ಗೊತ್ತು,’ ಅಂದೆ. ‘ನಿನ್ನೆ ಅದೇ ಹಲ್ಲಲ್ಲಿ ಆಕ್ರೋಟು ಒಡೀತಿದ್ದೆ. ಯಾರವಳು?’

‘ಫಿನ್ಲೆಂಡಿನವಳು.’

ಬಾಣಲೆ ಕೈಯಲ್ಲೇ ಇತ್ತು, ಅವನ ಪುಣ್ಯ, ಎಸೆಯಲಿಲ್ಲ. ವಿಷಯ ಪೂರ್ತಿ ಕೇಳಿದ ಮೇಲೆ, ಅವಳ ಜೊತೆ ಬೇರೆ ಥರದ ಸಂಬಂಧವೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಅಂಥದ್ದಕ್ಕೆ ನಮ್ಮೂರಲ್ಲಿ ಯಾರೂ ಮನೆಗೆ ಬೆಂಕಿ ಇಡುವುದಿಲ್ಲ.

ಬೇರೆ ಊರಿನಲ್ಲಿ, ಗಿಡ ಮಾರುವ ನರ್ಸರಿಯ ಹಿಂದೆ ಎರಡು ಕೋಣೆ. ಒಂದರಲ್ಲಿ ಮರ್ವಿನ್, ಇನ್ನೊಂದರಲ್ಲಿ ಫೇಲಿಮ್. ಒಬ್ಬರು ಬರುವ ಗೇಟು ಇನ್ನೊಬ್ಬರಿಗಿಲ್ಲ. ಐಲಾ ಇವನ ಮಾತು ಕೇಳಿಕೊಂಡು ಅಲ್ಲಿಗೆ, ಅವನ ಮಾತು ಕೇಳಿಕೊಂಡು ಇಲ್ಲಿಗೆ, ಹೀಗೆ ಸಂಜೆಯವರೆಗೂ ಓಡಾಡುವುದು. ಒಂದೇ ಬೇಲಿಯ ಈಚೆ ಆಚೆ ಇರುವವರು ಮಾತಾಡಲು ಬೇರೆ ಊರಿಗೆ ಹೋಗಿ ಬೇರೆ ದೇಶದವಳನ್ನು ನಡುವೆ ಇಟ್ಟುಕೊಳ್ಳಬೇಕು. ನಾನು ನಗಬೇಕೋ ಅಳಬೇಕೋ ಅಂತ ನೋಡಿದೆ.

‘ಏನ್ ಮಾತಾಡ್ತಾಳೆ ಅವಳು?’ ಅಂದೆ.

‘ಏನೂ ಮಾತಾಡಲ್ಲ. ನಾನೂ ಮಾತಾಡಲ್ಲ. ಇಬ್ರಿಗೂ ಚೆನ್ನಾಗಿ ಹೊಂದುತ್ತೆ,’ ಅಂದ. ಅವನ ಮಟ್ಟಿಗೆ ಅದು ಭಾಷಣ.

‘ಕ್ಲಿಫರ್ಡ್‌ಗೆ ಗೊತ್ತಾದ್ರೆ?’

‘ಲಾಡ್ಜಿಂದ ಹಾಕ್ತಾರೆ.’

‘ಅಷ್ಟೇ ಆದ್ರೆ ಪುಣ್ಯ,’ ಅಂದೆ. ಲಾಡ್ಜಿನವರು ಮರ್ಯಾದಸ್ಥರು. ಆದರೆ ಲಾಡ್ಜಿನ ಸುತ್ತ ಮರ್ಯಾದೆ ಇಲ್ಲದ ಹುಡುಗರು ಬೇಕಾದಷ್ಟಿದ್ದರು. ದ್ರೋಹಿ ಅಂತ ಯಾರಾದರೂ ಒಂದು ಮಾತು ಅಂದರೆ ಸಾಕು, ಮಿಕ್ಕಿದ್ದನ್ನು ಅವರು ನೋಡಿಕೊಳ್ಳುತ್ತಿದ್ದರು. ಅವತ್ತಿನಿಂದ ಬೆಳಿಗ್ಗೆ ಅವನು ಲಾರಿ ಹತ್ತುವ ಮುಂಚೆ ಯಾರಾದರೂ ಬಾಂಬು ಅಂಟಿಸಿದ್ದಾರೋ ಎಂದು ನಾನು ಮೊಣಕಾಲೂರಿ ಲಾರಿಯ ಅಡಿ ಇಣುಕುವುದು ಶುರುವಾಯಿತು. ಅವನು ಇಣುಕಿ ನೋಡಿದ ಮೇಲೂ ನಾನು ಇನ್ನೊಮ್ಮೆ ಇಣುಕುತ್ತಿದ್ದೆ. ಲಾರಿ ತಿರುವು ದಾಟಿ ಸದ್ದು ನಿಲ್ಲುವವರೆಗೂ ಅಂಗಳದಲ್ಲೇ ನಿಂತಿರುತ್ತಿದ್ದೆ.

ಲಾಡ್ಜ್ ಬಿಡುವುದೂ ಸಣ್ಣ ಮಾತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊರಗಿನವರಿಗೆ ಅದು ಪಟ್ಟಿ, ಡೋಲು. ಇವನಿಗೆ ಮಾತು ಬಾರದಿದ್ದರೂ ನಡೆಯುವ ಜಾಗ ಅದೊಂದೇ ಇತ್ತು. ಭಾನುವಾರ ಅಲ್ಲಿ ಕುರ್ಚಿ ಜೋಡಿಸಿ, ಚಹಾದ ಕೆಟಲ್ ತೊಳೆದು, ನಾಲ್ಕು ಜನರ ನಡುವೆ ಸುಮ್ಮನೆ ಕೂತು ಬಂದರೆ ವಾರವಿಡೀ ಹಗುರಾಗಿರುತ್ತಿದ್ದ. ಅದನ್ನು ಅವನಿಂದ ಕಿತ್ತುಕೊಂಡರೆ ಮನುಷ್ಯ ಏನಾಗುತ್ತಾನೋ ಎಂಬ ಹೆದರಿಕೆ ನನಗೆ ಬೆಂಕಿಯ ಹೆದರಿಕೆಗಿಂತ ಕಡಿಮೆ ಇರಲಿಲ್ಲ.

ಮೇ ತಿಂಗಳು ಮುಗಿಯುವಾಗ ಮಾತುಕತೆ ಒಂದು ಹದಕ್ಕೆ ಬಂದಿತ್ತು. ಮೆರವಣಿಗೆ ಚಾಪೆಲ್ ರಸ್ತೆಯಲ್ಲಿ ಒಂದೇ ಸಲ, ಚರ್ಚಿಗೆ ಹೋಗುವಾಗ ಮಾತ್ರ ಹೋಗಬೇಕು. ಡೋಲು, ಕೊಳಲು ಎರಡೂ ಬಂದ್. ಬರುವಾಗ ಗಿರಣಿ ರಸ್ತೆ. ಆ ಕಡೆಯವರು ಕಲ್ಲು ಮುಟ್ಟಬಾರದು. ಇದನ್ನು ಮರ್ವಿನ್ ತನ್ನದೇ ಯೋಚನೆ ಎಂಬಂತೆ ಲಾಡ್ಜಿನ ಮುಂದಿಡುವುದು ಅಂತ ಮಾತಾಗಿತ್ತು. ಒಬ್ಬೊಬ್ಬರನ್ನೇ ಮಾತಿಗೆ ಎಳೆದು ನಾಡಿ ನೋಡಿದ್ದ. ಒಪ್ಪುವ ಹಾಗೆಯೇ ಇದ್ದರು. ಬ್ರೆಡ್ ವ್ಯಾನಿನವನನ್ನು ಕಂಡವರೆಲ್ಲರಿಗೂ ಒಳಗೊಳಗೆ ಸಾಕಾಗಿತ್ತು.

ಕಟ್ಟಕಡೆಗೆ ಬಂದು ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಫೇಲಿಮ್ ಐಲಾಗೆ ಹೇಳಿಕಳಿಸಿದ: ‘ಡೋಲು ಬಡಿಯಲ್ಲ ಅನ್ನೋದನ್ನ ಅವನ ಬಾಯಿಂದ್ಲೇ ಕೇಳ್ಬೇಕು ನಾನು. ನಿಮ್ಮ ಬಾಯಿಂದಲ್ಲ.’ ಇವನದು ಇನ್ನೊಂದು ಸಂಕಟ. ಐಲಾ ಜೊತೆ ಮಾತಾಡಿದರೆ ಫೇಲಿಮ್ ಜೊತೆ ಮಾತಾಡಿದ ಹಾಗಲ್ಲ, ಲಾಡ್ಜಿಗೆ ಕೊಟ್ಟ ಮಾತು ಮುರಿದ ಹಾಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆ ಒಂದು ಎಳೆ ಹಿಡಿದುಕೊಂಡು ನಿದ್ದೆಯಾದರೂ ಮಾಡುತ್ತಿದ್ದ. ನಾನಂತೂ ಮಾಡುತ್ತಿರಲಿಲ್ಲ. ಹೀಗೆ ಇವನು ‘ಆಗಲ್ಲ’, ಅವನು ‘ಆಗ್ಬೇಕು’. ಜುಲೈ ಹತ್ತಿರ ಬರುತ್ತಿತ್ತು. ದೀಪದ ಕಂಬಗಳಿಗೆ ಆಗಲೇ ಬಾವುಟ ಏರಿದ್ದವು.

ಅಷ್ಟರಲ್ಲಿ ಜೂನ್ ನಡುವೆ ಆಗ್ನೆಸ್ ತೀರಿಕೊಂಡಳು.

ನಾನು ಒಲೆಯ ಮೇಲಿದ್ದುದನ್ನು ಇಳಿಸಿ, ಹಂದಿಮಾಂಸದ ಹ್ಯಾಮ್ ಬೇಯಿಸಲು ಇಟ್ಟೆ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲವಲ್ಲ. ಮರ್ವಿನ್ ಕಿಟಕಿಯ ಹತ್ತಿರ ನಿಂತಿದ್ದ.

‘ಕಪ್ಪು ಕೋಟು ತೆಗೆದಿಟ್ಟಿದೀನಿ. ಸಂಜೆ ಹೊತ್ತಿಗೆ ಹೋಗಿ ಬಂದ್ಬಿಡೋಣ,’ ಅಂದೆ.

‘ನಾನು ಬರಲ್ಲ.’

ತಿರುಗಿ ನೋಡಿದೆ. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ.

‘ಬರಲ್ಲ ಹೇಜಲ್. ಫೇಲಿಮ್ ಬಾಗಿಲಲ್ಲೇ ನಿಂತಿರ್ತಾನೆ. ಕೈ ಕೊಡ್ಬೇಕಾಗುತ್ತೆ, ಎರಡು ಮಾತಾಡ್ಬೇಕಾಗುತ್ತೆ. ಊರೆಲ್ಲ ಅಲ್ಲೇ ಇರುತ್ತೆ. ಯಾರಾದ್ರೂ ನಮ್ಮಿಬ್ರ ಮುಖ ನೋಡಿದ್ರೆ ಸಾಕು, ಗೊತ್ತಾಗಿಹೋಗುತ್ತೆ. ಐಲಾನೂ ಅದನ್ನೇ ಅಂದ್ಲು. ಈ ಹೊತ್ತಲ್ಲಿ ಒಟ್ಟಿಗೆ ಕಾಣಿಸ್ಕೋಬೇಡಿ ಅಂತ.’

‘ಐಲಾಗೆ ಏನ್ ಗೊತ್ತು?’ ನನಗೆ ನೆತ್ತಿಗೇರಿತು. ‘ಅವಳ ಊರಲ್ಲಿ ಪಕ್ಕದ ಮನೆ ಕಾಣ್ಬೇಕಾದ್ರೆ ಕಾಡು ದಾಟ್ಬೇಕಂತೆ. ಇದು ಡ್ರಮ್‌ಕೀಲ್. ಇಲ್ಲಿ ಸಾವಿನ ಮನೆಗೆ ಹೋದೋರ್ನ ಯಾರೂ ನೋಡಲ್ಲ. ಹೋಗದೆ ಇರೋರ್ನ ಎಲ್ರೂ ನೋಡ್ತಾರೆ. ನಿಂಗೆ ಊಟ ಹಾಕಿದ ಹೆಂಗಸು ಕಣೋ ಅವಳು.’

‘ಗೊತ್ತು.’

‘ಗೊತ್ತಿದ್ರೆ ಎದ್ದು ಕೋಟು ಹಾಕ್ಕೋ.’

ಅವನು ಕೋಟು ಹಾಕಿಕೊಳ್ಳಲಿಲ್ಲ. ಮೂಗು ಕೆಂಪಾಗಿತ್ತು. ಜನ್ಮದಲ್ಲಿ ಎಂದೂ ತಪ್ಪಿಸಿಕೊಂಡವನಲ್ಲ, ಹೆದರಿಕೆ ಮನುಷ್ಯನನ್ನು ಎಲ್ಲಿಗೆ ತಂದಿತು ನೋಡಿ ಅನ್ನಿಸಿತು. ಹ್ಯಾಮ್ ಕಟ್ಟಿಕೊಂಡು ಒಬ್ಬಳೇ ಹೋದೆ.

ಟೋನರ್ ಮನೆಯ ಅಂಗಳದ ತುಂಬ ಕಾರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆಗ್ನೆಸ್‌ಳನ್ನು ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು, ಬೆರಳಿಗೆ ಜಪಮಾಲೆ ಸುತ್ತಿ. ಹೆಂಗಸರು ಚಹಾ ತುಂಬಿದ ಕಪ್ಪುಗಳನ್ನು ತಲೆಗಳ ಮೇಲಿಂದ ದಾಟಿಸುತ್ತಿದ್ದರು. ಆಗ್ನೆಸ್‌ಳ ಮಗಳು ಡಿಂಪ್ನಾ ನನ್ನನ್ನು ತಬ್ಬಿಕೊಂಡು ಹ್ಯಾಮ್ ಇಸಿದುಕೊಂಡಳು. ಆಮೇಲೆ ನನ್ನ ಹಿಂದೆ ನೋಡಿದಳು.

‘ಮರ್ವಿನ್ ಹಿಂದೆ ಬರ್ತಿದಾನಾ?’

‘ಹಲ್ಲು ನೋವು ಕಣೆ,’ ಅಂದೆ. ಬಾಯಿಂದ ಹೊರಗೆ ಬಂದ ಮೇಲೆ ಅದು ಎಷ್ಟು ಅಸಹ್ಯವಾಗಿ ಕೇಳಿಸಿತು ಅಂದರೆ ಅಲ್ಲೇ ಕುಸಿದುಬಿಡಬೇಕು ಅನ್ನಿಸಿತು.

‘ಹಲ್ಲು ನೋವಾ,’ ಅಂದಳು ಅವಳು. ಹ್ಯಾಮ್ ಮೇಜಿನ ಮೇಲಿಟ್ಟು, ‘ಅವ್ವಂಗೆ ಕೊನೇಲಿ ನೆನಪೆಲ್ಲ ಹಿಂದಕ್ಕೆ ಹೋಗ್ಬಿಟ್ಟಿತ್ತು. ಕೋಲ್ಟರ್ ಹುಡುಗ ಉಂಡ್ನಾ, ಅವನಿಗೆ ಬಡಿಸಿದ್ರಾ ಅಂತ ದಿನಾ ಕೇಳೋಳು. ಬಡಿಸಿದ್ವಿ ಅವ್ವ, ಅಂತ ಹೇಳ್ತಿದ್ವಿ,’ ಅಂದಳು.

ಫೇಲಿಮ್ ಪೆಟ್ಟಿಗೆಯ ತಲೆಯ ಕಡೆ ನಿಂತಿದ್ದ. ಕೈ ಕೊಟ್ಟೆ. ಅವನು ಕೈ ಹಿಡಿದ, ನನ್ನ ಭುಜದಾಚೆ ಬಾಗಿಲ ಕಡೆ ಒಮ್ಮೆ ನೋಡಿದ, ಏನೂ ಕೇಳಲಿಲ್ಲ. ಅವನು ಕೇಳಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗೆ ಬಂದರೆ ಗೋಡೆಗೆ ಒರಗಿ ಕ್ಲಿಫರ್ಡ್ ಬಿಂಗಮ್ ಸಿಗರೇಟು ಸೇದುತ್ತಿದ್ದ. ಹೌದು, ಲಾಡ್ಜಿನ ಮುಖ್ಯಸ್ಥನೇ. ಫೇಲಿಮ್‌ನ ಹೆಸರು ಕೇಳಿದರೆ ಉಗುಳುವವನೂ ಆಗ್ನೆಸ್ ಸತ್ತಳೆಂದು ಕಪ್ಪು ಟೈ ಕಟ್ಟಿಕೊಂಡು ಬಂದು, ಕೈ ಕುಲುಕಿ, ಚಹಾ ಕುಡಿದಿದ್ದ. ಇದರಲ್ಲಿ ಯಾರಿಗೂ ವಿಚಿತ್ರ ಕಾಣಿಸುವುದಿಲ್ಲ. ಸಾವು ಬೇರೆ, ಮೆರವಣಿಗೆ ಬೇರೆ.

‘ಮರ್ವಿನ್ ಕಾಣ್ಲಿಲ್ಲ,’ ಅಂದ.

‘ಹಲ್ಲು.’

‘ಈ ವರ್ಷ ಆ ಡಾಕ್ಟರು ಅವನ ಬಾಯಲ್ಲಿ ಒಂದಾದ್ರೂ ಬಿಟ್ಟಿದಾನಾ?’ ನಕ್ಕ. ಆಮೇಲೆ ನಗು ನಿಲ್ಲಿಸಿದ. ‘ಹೇಜಲ್, ನಾನು ದಡ್ಡ ಅಲ್ಲ. ಆ ಮುದುಕಿ ಅವನ್ನ ಸಾಕಿದಾಳೆ. ಇಂಥ ಮನೆಗೆ ಬರದೆ ಇರೋನು ಈ ಮನೆಯೋರ ಜೊತೆ ಒಂದೋ ಜಗಳ ಆಡಿರ್ಬೇಕು, ಇಲ್ಲಾ ಗುಟ್ಟಾಗಿ ಸ್ನೇಹ ಮಾಡಿರ್ಬೇಕು. ಜಗಳ ಆಗಿದ್ರೆ ನನ್ನ ಕಿವಿಗೆ ಬೀಳ್ತಿತ್ತು.’

ನಾನು ಏನೋ ತಡವರಿಸಿದೆ. ಏನೆಂದು ನೆನಪಿಲ್ಲ.

ಮತ್ತೆ ಒಳಗೆ ಹೋಗಿ ಹೆಂಗಸರ ಜೊತೆ ಕಪ್ಪು ತೊಳೆದು, ಹೊತ್ತಾದ ಮೇಲೆ ಮನೆಗೆ ಬಂದರೆ ಮರ್ವಿನ್ ಫೋನಿನ ಮುಂದೆ ಕೂತಿದ್ದ. ಐಲಾ ಫೋನ್ ಮಾಡಿದ್ದಳಂತೆ. ಫೇಲಿಮ್ ಇನ್ನು ಆ ಕೋಣೆಗೆ ಬರುವುದಿಲ್ಲ ಅಂದುಬಿಟ್ಟನಂತೆ. ‘ಸತ್ತ ನಮ್ಮವ್ವನ ಮುಖ ನೋಡೋಕೆ ಬರದ ಮನುಷ್ಯನ ಮಾತು ನಂಬ್ಕೊಂಡು ನಾನು ನನ್ನ ಜನಕ್ಕೆ ಏನ್ ಹೇಳ್ಲಿ’ ಅಂದನಂತೆ. ಐಲಾಗೆ ಅರ್ಥವೇ ಆಗಿರಲಿಲ್ಲ, ಪಾಪ. ಹೋಗಬೇಡ ಅಂದವಳೂ ಅವಳೇ. ಅವಳು ಎಷ್ಟೋ ದೇಶಗಳ ಜಗಳ ಬಿಡಿಸಿ ಬಂದವಳು, ಆದರೆ ಸತ್ತವರ ಮನೆಯ ಚಹಾಕ್ಕೆ ನಮ್ಮಲ್ಲಿ ಎಷ್ಟು ಬೆಲೆ ಅನ್ನುವುದನ್ನು ಅವಳಿಗೆ ಯಾರು ಹೇಳಬೇಕಿತ್ತು? ಇಲ್ಲೇ ಹುಟ್ಟಿದ ಇವನೇ ಮರೆತ ಮೇಲೆ.

ಕ್ಲಿಫರ್ಡ್ ಅಂದದ್ದನ್ನು ನಾನೂ ಹೇಳಿದೆ. ಮರ್ವಿನ್ ಕೈ ಎರಡನ್ನೂ ಮೇಜಿನ ಮೇಲಿಟ್ಟು ನೋಡಿಕೊಂಡ.

‘ಹಾಗಿದ್ರೆ ಆ ಕಡೆನೂ ಹೋಯ್ತು, ಈ ಕಡೆನೂ ಹೋಯ್ತು,’ ಅಂದ.

‘ಜುಲೈಯಲ್ಲಿ ಮತ್ತೆ ಯಾರ್ನೋ ಎತ್ಕೊಂಡು ಬರ್ತೀಯ,’ ಅಂದೆ. ಅನ್ನಬಾರದು ಅಂತ ಗೊತ್ತಿತ್ತು, ಬೇಕೆಂದೇ ಅಂದೆ.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಕಪ್ಪು ಕೋಟು ಹಾಕಿಕೊಂಡು, ಟೈ ಕಟ್ಟಲು ಬಾರದೆ ಒದ್ದಾಡುತ್ತಿದ್ದ. ನಾನೇ ಕಟ್ಟಿದೆ.

ನಮ್ಮ ಕಡೆ ಮನೆಯಿಂದ ಚಾಪೆಲ್ಲಿನವರೆಗೆ, ಅಂದರೆ ಕ್ಯಾಥೊಲಿಕರ ಚರ್ಚಿನವರೆಗೆ, ಪೆಟ್ಟಿಗೆಯನ್ನು ಹೆಗಲ ಮೇಲೆ ಹೊರುತ್ತಾರೆ. ನೆಂಟರು, ನೆರೆಯವರು ಸರದಿಯಲ್ಲಿ ಹೆಗಲು ಕೊಡುತ್ತಾರೆ. ಅದರಲ್ಲಿ ಆ ಧರ್ಮ ಈ ಧರ್ಮ ನೋಡುವುದಿಲ್ಲ. ಅಂತ್ಯಕ್ರಿಯೆ ನಡೆಸುವವನು ಎತ್ತರ ನೋಡಿ ಜೋಡಿ ಮಾಡುತ್ತಾನೆ, ಪೆಟ್ಟಿಗೆ ವಾಲದಿರಲಿ ಎಂದು. ಎದುರುಬದುರು ಇರುವ ಇಬ್ಬರು ಪೆಟ್ಟಿಗೆಯ ಅಡಿಯಿಂದ ಒಬ್ಬರ ಹೆಗಲನ್ನು ಒಬ್ಬರು ಬಳಸಿ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಪೆಟ್ಟಿಗೆ ನಿಲ್ಲುವುದಿಲ್ಲ.

ಮೊದಲ ಸರದಿ ಮುಗಿದು, ಬೀದಿಯ ತಿರುವಿನಲ್ಲಿ ನಿಂತರು. ಅಂತ್ಯಕ್ರಿಯೆಯವನು ಸುತ್ತ ನೋಡಿ, ‘ಮುಂದುಗಡೆಗೆ ಇನ್ನೊಬ್ರು ಎತ್ತರದೋರು ಬೇಕು,’ ಅಂದ. ಮುಂದಿನ ಎಡಗಡೆ ಫೇಲಿಮ್ ಇದ್ದ. ಅವನ ಎತ್ತರಕ್ಕೆ ಸಾಟಿಯಾಗುವವನು ಆ ಗುಂಪಿನಲ್ಲಿ ಒಬ್ಬನೇ. ಎಲ್ಲರಿಗೂ ಗೊತ್ತಿತ್ತು, ಯಾರೂ ನೋಡಲಿಲ್ಲ. ಮರ್ವಿನ್ ಹಿಂದಿನಿಂದ ಜನರನ್ನು ಸರಿಸಿಕೊಂಡು ಮುಂದೆ ಬಂದ.

ಬೇಡ ಅನ್ನುವ ಹಕ್ಕು ಫೇಲಿಮ್‌ಗಿತ್ತು. ಮಗ ಬೇಡ ಅಂದರೆ ಮುಗಿಯಿತು, ಆಮೇಲೆ ಆ ಊರಿನಲ್ಲಿ ಮರ್ವಿನ್ ತಲೆ ಎತ್ತುವ ಹಾಗಿಲ್ಲ. ನಾನು ಹೆಂಗಸರ ನಡುವಿಂದ ಕತ್ತು ಚಾಚಿ ನೋಡಿದೆ. ಫೇಲಿಮ್ ಅವನನ್ನೇ ದಿಟ್ಟಿಸಿ ನೋಡಿದ, ಬಹಳ ಹೊತ್ತು ಅನ್ನಿಸುವಷ್ಟು. ಆಮೇಲೆ ತೋಳು ಚಾಚಿದ. ಇವನೂ ಚಾಚಿದ. ಪೆಟ್ಟಿಗೆ ಎದ್ದಿತು.

ಹಿಂದಿನಿಂದ ನನಗೆ ಕಂಡದ್ದು ಎರಡು ಬಾಗಿದ ತಲೆ, ಒಬ್ಬರ ಕೋಟಿನ ಮೇಲೆ ಇನ್ನೊಬ್ಬರ ಕೈ. ತುಟಿ ಆಡುತ್ತಿದ್ದವೋ ಇಲ್ಲವೋ ತಿಳಿಯಲಿಲ್ಲ. ಪೆಟ್ಟಿಗೆಯಡಿ ನಡೆದ ಮಾತನ್ನು ಮರ್ವಿನ್ ಆಮೇಲೆ ನನಗೆ ಹೇಳಿದ, ಒಂದು ಪದ ಬಿಡದೆ.

‘ನಿನ್ನೆ ಎಲ್ಲಿದ್ದೆ?’ ಅಂದನಂತೆ ಫೇಲಿಮ್.

‘ಮನೇಲಿ. ಹೆದರ್ಕೊಂಡು ಕೂತಿದ್ದೆ.’

‘ನಂಗಾ?’

‘ನಮ್ಮೋರಿಗೆ.’

‘ನಮ್ಮೋರು ನಂಗೇನ್ ಹಾರ ಹಾಕಲ್ಲ, ತಿಳ್ಕೋ.’

ಆಮೇಲೆ ಮರ್ವಿನ್ ಅಂದ: ‘ಕೇಳು. ಹೋಗೋವಾಗ ಒಂದೇ ಸಲ. ಡೋಲು ಇಲ್ಲ, ಕೊಳಲು ಇಲ್ಲ. ಬರೋದು ಗಿರಣಿ ರಸ್ತೆ. ನನ್ನ ಬಾಯಿಂದ್ಲೇ ಹೇಳ್ತಿದೀನಿ.’

‘ಕಲ್ಲು ಏಳಲ್ಲ,’ ಅಂದ ಫೇಲಿಮ್. ‘ನಾನೂ ನನ್ನ ಬಾಯಿಂದ್ಲೇ ಹೇಳ್ತಿದೀನಿ. ಈಗ ಹೆಜ್ಜೆ ನೋಡಿ ಇಡು, ನಮ್ಮವ್ವನ್ನ ಬೀಳಿಸ್ಬೇಡ.’

ಸರದಿ ಬದಲಿಸಲು ಮತ್ತೆ ನಿಂತಾಗ ಬೇರೆ ಇಬ್ಬರು ಮುಂದೆ ಬಂದರು. ಫೇಲಿಮ್ ತಲೆ ಅಲ್ಲಾಡಿಸಿದ. ಇವನ ಹೆಗಲಿಂದ ಕೈ ತೆಗೆಯಲಿಲ್ಲ. ಆ ಜೋಡಿಯೇ ಚಾಪೆಲ್ ಗೇಟಿನವರೆಗೂ ನಡೆಯಿತು. ಊರು ನೋಡಿತು, ಕ್ಲಿಫರ್ಡ್ ನೋಡಿದ.

ಗೇಟಿನಲ್ಲಿ ಮರ್ವಿನ್ ತನ್ನ ಜಾಗವನ್ನು ಬೇರೆಯವನಿಗೆ ಬಿಟ್ಟ. ಕ್ಯಾಥೊಲಿಕರ ಪೂಜೆಗೆ ಒಳಗೆ ಕಾಲಿಡುವುದು ಲಾಡ್ಜಿನವರಿಗೆ ನಿಷಿದ್ಧ. ಪೂಜೆ ಮುಗಿಯುವವರೆಗೂ ಹೊರಗೆ ಗೋಡೆಯ ಪಕ್ಕ ಟೋಪಿ ತೆಗೆದು ನಿಂತಿರುತ್ತಾರೆ, ಮುಗಿದ ಮೇಲೆ ಮಣ್ಣಿಗೆ ಹೋಗುತ್ತಾರೆ. ಇವನೂ ಹಾಗೆಯೇ ಗೋಡೆಯ ಪಕ್ಕ ಬಂದು ನಿಂತ. ಒಳಗೆ ಹೋಗಿಬಿಡುತ್ತಾನೋ ಎಂದು ನಾನು ಅರೆಕ್ಷಣ ಹೆದರಿದ್ದೆ. ಹೋಗಲಿಲ್ಲ. ಮರ್ವಿನ್ ಕೊನೆಯವರೆಗೂ ಲಾಡ್ಜಿನ ಮನುಷ್ಯನೇ, ಅದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಕ್ಲಿಫರ್ಡ್ ಅವನ ಮಗ್ಗುಲಿಗೆ ಬಂದ. ಲಾಡ್ಜಿನ ಉಳಿದವರೂ ಅಲ್ಲೇ ಇದ್ದರು.

‘ಹಲ್ಲು ಹೇಗಿದೆ ಮರ್ವಿನ್?’

ನಾನು ಇವನನ್ನೇ ನೋಡಿದೆ. ಏನಾದರೂ ಒಂದು ಹೇಳು ಮಹಾರಾಯ, ಹೇಳಿ ಬಚಾವಾಗು ಅಂದುಕೊಂಡೆ. ಹೆಗಲು ಕೊಡುವಾಗ ಯಾರೂ ಮಾತಾಡುವುದಿಲ್ಲವೇ, ಮುದುಕಿಯ ವಿಷಯ ಮಾತಾಡಿದೆವು ಅಂದರೆ ಮುಗಿಯಿತು.

‘ಹಲ್ಲಿಗೇನೂ ಆಗಿಲ್ಲ,’ ಅಂದ ಮರ್ವಿನ್. ‘ಯಾವತ್ತೂ ಆಗಿರ್ಲಿಲ್ಲ. ಚಳಿಗಾಲದಿಂದ ಆ ಫಿನ್ಲೆಂಡಿನವಳನ್ನ ನಡುವೆ ಇಟ್ಕೊಂಡು ಫೇಲಿಮ್ ಜೊತೆ ಮಾತಾಡ್ತಿದ್ದೆ. ಇವತ್ತು ನಡುವೆ ಯಾರೂ ಇಲ್ದೆ ಮಾತಾಡ್ದೆ. ಡೋಲು ಇಲ್ಲ, ಬರೋದು ಗಿರಣಿ ರಸ್ತೆ, ಕಲ್ಲು ಇಲ್ಲ. ನೀವು ಒಪ್ಪಿದ್ರೆ ಅವರೂ ಒಪ್ತಾರೆ. ಆ ಹೆಂಗಸಿನ ಮನೆಗೆ ನಾನು ನಿನ್ನೆ ಹೋಗ್ಲಿಲ್ಲ ಕ್ಲಿಫರ್ಡ್. ಈ ಸುಳ್ಳಿಂದ. ಇನ್ನು ನನ್ನ ಕೈಲಾಗಲ್ಲ.’

ನಾನು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಒಳಗೆ ಗಂಟೆ ಮೊಳಗಿತು. ಕ್ಲಿಫರ್ಡ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ‘ಸರಿ,’ ಅಂದ. ಅಷ್ಟೇ ಅಂದ.

ಆಮೇಲೆ ದಿನಗಟ್ಟಲೆ ಕಾವಲು ಕೂತದ್ದೇ ಆಯಿತು. ಯಾವ ಕಾರು ನಿಧಾನಕ್ಕೆ ಹೋದರೂ ಪರದೆ ಸರಿಸಿ ನೋಡುವುದು. ನಾಯಿ ಬೊಗಳಿದರೆ ಎದ್ದು ಕೂರುವುದು. ಅಂಗಡಿಯಲ್ಲಿ ನನ್ನ ಹಿಂದೆ ನಿಂತವರು ಮಾತು ನಿಲ್ಲಿಸುತ್ತಿದ್ದರು. ಲಾರಿಯಡಿ ನೋಡಿ ನೋಡಿ ನನ್ನ ಮೊಣಕಾಲು ಸವೆದುಹೋದವು. ಆದರೆ ಬೆಂಕಿ ಬರಲಿಲ್ಲ, ಯಾರೂ ಬರಲಿಲ್ಲ. ಹುಡುಗರನ್ನು ತಡೆದವನು ಕ್ಲಿಫರ್ಡೇ ಅಂತ ನನಗೆ ಆಮೇಲೆ ತಿಳಿಯಿತು. ಹೇಳಬೇಕಾದ್ದನ್ನು ಹೇಳಲೇಬೇಕು.

ಲಾಡ್ಜಿನ ಸಭೆ ಮುಗಿದ ಮರುದಿನ ಅವನೇ ನಮ್ಮ ಅಂಗಳಕ್ಕೆ ಬಂದ. ಒಳಗೆ ಬಾ ಅಂದರೆ ಬರಲಿಲ್ಲ.

‘ಒಪ್ಕೊಂಡಿದೀವಿ ಮರ್ವಿನ್. ಡೋಲಿಲ್ದೆ ಹೋಗೋದು, ಗಿರಣಿ ರಸ್ತೆ ಎಲ್ಲ. ಒಳ್ಳೇ ಮಾತೇ ಅದು. ಎಲ್ರೂ ಕೈ ಎತ್ತಿದ್ರು.’

ಮರ್ವಿನ್ ತಲೆಯಾಡಿಸಿದ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ.

‘ಆದ್ರೆ ಮಾತಾಡಲ್ಲ ಅಂತ ನೀನು ನಮ್ಗೆ ಮಾತು ಕೊಟ್ಟಿದ್ದೆ. ಅದನ್ನ ಒಪ್ಕೊಂಡ್ವಿ, ನಿನ್ನನ್ನ ಒಪ್ಕೊಳೋಕಾಗಲ್ಲ. ಅದಕ್ಕೂ ಎಲ್ರೂ ಕೈ ಎತ್ತಿದ್ರು.’

‘ಅವನು ಮಾಡಿದ್ದು ನಿಮ್ಗೆ ಬೇಕು, ಅವನು ಬೇಡ,’ ಅಂದೆ ನಾನು. ತಡೆಯಲಾಗಲಿಲ್ಲ. ‘ನಾಚಿಕೆ ಆಗಲ್ವಾ ಕ್ಲಿಫರ್ಡ್ ನಿಂಗೆ?’

‘ಆಗುತ್ತೆ,’ ಅಂದ ಕ್ಲಿಫರ್ಡ್, ನೆಲ ನೋಡಿಕೊಂಡು. ತಿರುಗಿ ಹೊರಟುಹೋದ.

ಐಲಾ ಊರು ಬಿಡುವ ಮುಂಚೆ ಒಮ್ಮೆ ಬಂದಳು. ಬೇರೆ ಯಾವುದೋ ದೇಶದಲ್ಲಿ ಅವಳಿಗೆ ಕೆಲಸ ಕಾದಿತ್ತು. ಅಡುಗೆಮನೆಯಲ್ಲಿ ಮರ್ವಿನ್ ಎದುರು ಕೂತಳು. ಇಬ್ಬರೂ ಮಾತಾಡಲಿಲ್ಲ, ಎಂದಿನ ಹಾಗೆ. ಹೋಗುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, ‘ಈ ಒಪ್ಪಂದ ಗಟ್ಟಿಯಾಗಿ ನಿಲ್ಲುತ್ತೆ ಹೇಜಲ್. ಆದ್ರೆ ಮರ್ವಿನ್‌ಗೆ ಹೀಗಾಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ,’ ಅಂದಳು. ‘ಅವನಿಗೆ ಗೊತ್ತಿತ್ತು,’ ಅಂದೆ. ಅವಳ ಕಣ್ಣು ತುಂಬಿತು. ನನಗೆ ಅವಳ ಮೇಲೆ ಅವತ್ತಿನವರೆಗೂ ಇದ್ದ ಸಿಟ್ಟು ಹೋಗಲಿಲ್ಲ, ಸ್ವಲ್ಪ ಇಳಿಯಿತು.

ಜುಲೈಯ ಆ ಭಾನುವಾರ ಬಂತು. ಮರ್ವಿನ್ ಹೋಗುವುದಿಲ್ಲ ಅಂದುಕೊಂಡಿದ್ದೆ, ಹೋಗುತ್ತೇನೆ ಅಂದ. ಹೋಗಿ ನಿಲ್ಲುವುದೆಲ್ಲಿ ಅನ್ನುವುದು ಅಲ್ಲಿಗೆ ಹೋದ ಮೇಲೆಯೇ ನಮಗೆ ಹೊಳೆದದ್ದು. ಚಾಪೆಲ್ ರಸ್ತೆಯ ಒಂದು ಬದಿ ಅಲ್ಲಿಯ ಮನೆಯವರು, ಬಾಯಿಗೆ ಬೀಗ ಹಾಕಿಕೊಂಡು, ಬೆನ್ನು ತಿರುಗಿಸಿ ನಿಂತಿದ್ದರು. ಇನ್ನೊಂದು ಬದಿ ನಮ್ಮವರು, ಕೈಯಲ್ಲಿ ಸಣ್ಣ ಬಾವುಟ ಹಿಡಿದ ಹೆಂಗಸರು ಮಕ್ಕಳು. ನಮ್ಮನ್ನು ಕಂಡು ಅವರು ಒಂದಿಷ್ಟು ಸರಿದರು, ಜಾಗ ಬಿಡಲು ಅಲ್ಲ. ನಾವು ಅಂಚೆ ಕಚೇರಿಯ ಮೂಲೆಯಲ್ಲಿ, ಎರಡಕ್ಕೂ ಸೇರದ ಕಡೆ ನಿಂತೆವು.

ಕಲ್ಲು ಹಾರೀತೋ ಎಂದು ಇಡೀ ರಸ್ತೆ ಉಸಿರು ಹಿಡಿದಿತ್ತು. ಪೊಲೀಸರ ಕೈ ಗುರಾಣಿಯ ಮೇಲೇ ಇತ್ತು. ಮೆರವಣಿಗೆ ಬಂತು. ಡೋಲುಗಳು ಬ್ಯಾಂಡಿನವರ ಹೊಟ್ಟೆಯ ಮೇಲೆ ಸುಮ್ಮನೆ ಇದ್ದವು. ಬೂಟಿನ ಸದ್ದು ಬಿಟ್ಟರೆ ಏನೂ ಇಲ್ಲ. ಕ್ಲಿಫರ್ಡ್ ಮುಂದೆ ನಡೆದು ಹೋದ, ಮರ್ವಿನ್ ಮೂವತ್ತು ವರ್ಷ ಯಾರ ಪಕ್ಕ ನಡೆದಿದ್ದನೋ ಅವರೂ ಹೋದರು. ಯಾರೂ ಇತ್ತ ತಿರುಗಲಿಲ್ಲ. ಕಲ್ಲೂ ಹಾರಲಿಲ್ಲ. ಬೆನ್ನು ತಿರುಗಿಸಿದವರ ನಡುವೆ ಫೇಲಿಮ್‌ನ ತಲೆ ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು. ಅವನೂ ತಿರುಗಲಿಲ್ಲ, ತಿರುಗುವ ಹಾಗೂ ಇರಲಿಲ್ಲ.

ಗೆದ್ದೆ ಕಣಯ್ಯ, ಒಬ್ಬನ ತಲೆಯೂ ಒಡೆಯಲಿಲ್ಲ ಅಂತ ಹೇಳಬೇಕೆಂದು ಅವನ ಕಡೆ ತಿರುಗಿದೆ. ಅವನು ಎಲ್ಲೋ ದೂರ ನೋಡುತ್ತಿದ್ದ. ಕೆಳಗೆ ಅವನ ಬೂಟು ನಿಂತಲ್ಲೇ ಎಡ ಬಲ, ಎಡ ಬಲ ಎಂದು ಅವರ ಜೊತೆ ಹೆಜ್ಜೆ ಹಾಕುತ್ತಿದ್ದವು. ಅವನಿಗೆ ಅದು ಗೊತ್ತೇ ಇರಲಿಲ್ಲ. ನಾನು ಅವನ ತೋಳಿಗೆ ತೋಳು ಸೇರಿಸಿ, ಮೆರವಣಿಗೆಯ ಕೊನೆಯವನು ತಿರುವು ದಾಟುವವರೆಗೂ ಅವನ ಪಕ್ಕ ನಿಂತಿದ್ದೆ.